ಅಗ್ರೀಯಬಲ್ ಗ್ರೇ ಮತ್ತು ರಿಪೋಸ್ ಗ್ರೇ: ಒಂದೇ ಮನೆಯಲ್ಲಿ ಎರಡು ಬೂದು

ಅಮೆರಿಕದ ಗೋಡೆಬಣ್ಣದ ಕಂಪನಿ ಶರ್ವಿನ್-ವಿಲಿಯಮ್ಸ್‌ನ ಅಗ್ರೀಯಬಲ್ ಗ್ರೇ (7029) ಮತ್ತು ರಿಪೋಸ್ ಗ್ರೇ (7015) ಬಣ್ಣಗಳ ಚೀಟಿಗಳನ್ನು ಅಂಗಡಿಯ ಬೆಳಕಿನಲ್ಲಿ ಅಕ್ಕಪಕ್ಕ ಹಿಡಿದಾಗ ಯಾವುದು ಯಾವುದೆಂದು ಹೇಳಲು ನನಗೆ ಹಿಂಬದಿಯ ಸಂಖ್ಯೆಯನ್ನೇ ನೋಡಬೇಕಾಯಿತು. ಬಣ್ಣವು ಎಷ್ಟು ಬೆಳಕನ್ನು ಮರಳಿಸುತ್ತದೆ ಎಂಬುದನ್ನು 0ಯಿಂದ 100ರವರೆಗೆ ಸೂಚಿಸುವ ಎಲ್‌ಆರ್‌ವಿ ಮೊದಲನೆಯದಕ್ಕೆ 60, ಎರಡನೆಯದಕ್ಕೆ 58. ಹೀಗಾಗಿ ಕೋಣೆ ಬೆಳಗುವ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಭೇದವೆಲ್ಲ ಒಳಗೆ ಬೆರೆತ ಛಾಯೆಯದು.

ಮೊದಲು ನಾನು ಮಾಡಿದ ತಪ್ಪೆಂದರೆ, ಹಳೆಯ ಹಳದಿಮಿಶ್ರಿತ ಗೋಡೆಯ ಮೇಲೆಯೇ ಎರಡನ್ನೂ ಅಂಗೈಯಗಲ ಬಳಿದು ನೋಡಿದ್ದು. ರಿಪೋಸ್ ಗ್ರೇ ಕಂಡ ನನ್ನ ಹೆಂಡತಿ, ‘ನೇರಳೆಹಣ್ಣು ತಿಂದ ನಾಲಿಗೆಯ ಹಾಗಿದೆ’ ಎಂದಳು. ಸುತ್ತಲಿನ ಹಳದಿಯೇ ಅದರ ಸಣ್ಣ ನೇರಳೆ ಛಾಯೆಯನ್ನು ಎತ್ತಿ ತೋರಿಸುತ್ತಿತ್ತು. ಆಮೇಲೆ ಎರಡಡಿ ಅಗಲದ ಬಿಳಿ ಹಲಗೆಗಳಿಗೆ, ಅಂಚಿನಲ್ಲಿ ಎರಡು ಅಂಗುಲ ಬಿಳಿ ಉಳಿಸಿ, ಎರಡೆರಡು ಕೋಟು ಹೊಡೆದು, ಒಂದು ವಾರ ಅವನ್ನು ಕೋಣೆಯಿಂದ ಕೋಣೆಗೆ ಹೊತ್ತು ತಿರುಗಿದೆ.

ನಮ್ಮ ನಡುಮನೆಯ ಕಿಟಕಿ ಉತ್ತರಕ್ಕಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಚಳಿಗಾಲದಲ್ಲಿ ಅಲ್ಲಿಗೆ ಬರುವುದು ಮೋಡ ಸೋಸಿದ ನೀಲಿ ಬೆಳಕು. ಆ ಬೆಳಕಿನಲ್ಲಿ ರಿಪೋಸ್ ಗ್ರೇ ತಣ್ಣಗಾಗಿ ಸಿಮೆಂಟಿನಂತೆ ಕಂಡರೆ, ತನ್ನಲ್ಲಿರುವ ಬೀಜ್ (ಮರಳಿನಂಥ ತೆಳುಕಂದು) ಛಾಯೆಯಿಂದಾಗಿ ಅಗ್ರೀಯಬಲ್ ಗ್ರೇ ಬೆಚ್ಚಗೇ ಉಳಿಯಿತು. ದಕ್ಷಿಣದ ಮಲಗುವ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಆಟ ತಿರುಗಿತು: ಅಗ್ರೀಯಬಲ್ ಗ್ರೇ ಬೂದುತನವನ್ನೇ ಬಿಟ್ಟು ತೆಳು ಕಂದಾಗಿ, ಜೇನುಬಣ್ಣದ ಓಕ್ ನೆಲದೊಡನೆ ಕಲಸಿಹೋದಂತಾಯಿತು, ರಿಪೋಸ್ ಗ್ರೇ ಮಾತ್ರ ನೆಲದಿಂದ ಬೇರೆಯಾಗಿ, ಅಚ್ಚುಕಟ್ಟಾಗಿ ನಿಂತಿತು. ರಾತ್ರಿ ಹಳದಿ ಬೆಳಕಿನ 2700 ಕೆಲ್ವಿನ್ ಬಲ್ಬಿನಡಿ ಎರಡೂ ಹಳದಿಯ ಕಡೆಗೆ ವಾಲಿದವು. ಅದಕ್ಕಿಂತ ಬಿಳಿ ಬೆಳಕಿನ 4000 ಕೆಲ್ವಿನ್ ಬಲ್ಬು ಹಾಕಿದಾಗ ಅವುಗಳ ಭೇದ ಮತ್ತೆ ಎದ್ದು ಕಂಡಿತು. ಬಣ್ಣಕ್ಕಿಂತ ಮೊದಲು ಬಲ್ಬನ್ನು ನಿರ್ಧರಿಸಿಕೊಳ್ಳುವುದು ಮೇಲೆಂದು ನನಗನಿಸಿದ್ದು ಆಗಲೇ.

ಕೊನೆಗೆ ಉತ್ತರದ ನಡುಮನೆಗೆ ಅಗ್ರೀಯಬಲ್ ಗ್ರೇ, ದಕ್ಷಿಣದ ಕೋಣೆಗೆ ರಿಪೋಸ್ ಗ್ರೇ ಹೊಡೆಸಿದೆವು. ದೇವರ ಗೂಡಿನ ಬಗ್ಗೆ ಮಾತ್ರ ಸ್ವಲ್ಪ ಚರ್ಚೆಯಾಯಿತು. ಹಿತ್ತಾಳೆಯ ದೀಪದ ಹಿಂದೆ ರಿಪೋಸ್ ಗ್ರೇ ಹಲಗೆ ಇಟ್ಟಾಗ ಹಳೆಯ ನೇರಳೆ ಮತ್ತೆ ಇಣುಕಿದ್ದರಿಂದ, ಅಲ್ಲಿಗೂ ಅಗ್ರೀಯಬಲ್ ಗ್ರೇಯೇ ಬಂತು.