ತಾನಾಗೇ ಹೋಗುತ್ತೆ ಅಂತ ಕೂತೆ, ಅಂಡಾಶಯವೇ ಹೋಯಿತು

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಅಂಡಾಶಯದಲ್ಲಿ ‘ಸಿಸ್ಟ್’ (ಚೀಲದಂಥ ಗಡ್ಡೆ) ಅಂತ ಬಂದು ಸುಮ್ಮನಿರುವವರು ದಯವಿಟ್ಟು ಇದನ್ನು ಓದಿ.

ಹೋದ ವರ್ಷ ನನ್ನ ಬಲಗಡೆಯ ಅಂಡಾಶಯದಲ್ಲಿ 6 ಸೆಂ.ಮೀ. ಗಡ್ಡೆ ಕಂಡಿತು. "ಇದು ಡರ್ಮಾಯ್ಡ್, ಆಪರೇಷನ್ ಬಗ್ಗೆ ಮಾತಾಡೋಣ, ಮನೆಯವರನ್ನು ಕರ್ಕೊಂಡು ಬನ್ನಿ" ಅಂದಿದ್ದರು ಡಾಕ್ಟರು. ನಾನು ಹೋಗಲಿಲ್ಲ. ನನ್ನ ಓರಗಿತ್ತಿಗೂ ಸಿಸ್ಟ್ ಇತ್ತು. ಒಬ್ಬರ ಹತ್ತಿರ ಗಡ್ಡೆ ಕರಗುವ ಪುಡಿ ತಂದು ಎರಡು ತಿಂಗಳು ತಗೊಂಡಳು, ಮತ್ತೆ ಸ್ಕ್ಯಾನ್ ಮಾಡಿಸಿದರೆ ಏನೂ ಇಲ್ಲ! "ಅಕ್ಕಾ, ಸುಮ್ನೆ ಹೊಟ್ಟೆ ಕೊಯ್ಸ್ಕೋಬೇಡಿ" ಅಂದಳು.

ಪುಡಿ ಕೊಟ್ಟವರು ನನ್ನ ರಿಪೋರ್ಟ್ ಬಿಡಿಸಿಯೂ ನೋಡಲಿಲ್ಲ. ಆರು ತಿಂಗಳು ಸ್ಕ್ಯಾನಿಂಗ್ ಬೇಡ ಅಂದರು. ದಿನಾ ಬರಿಹೊಟ್ಟೆಗೆ ಮಜ್ಜಿಗೆಯಲ್ಲಿ ಕಲಸಿ ಕುಡಿದೆ.

ಐದನೇ ತಿಂಗಳು. ರಾತ್ರಿ ಅಕ್ಕಿ ಡಬ್ಬ ಎತ್ತಿಟ್ಟು ತಿರುಗಿದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಬಲ ಕಿಬ್ಬೊಟ್ಟೆ ಹಿಂಡಿತು. ಮೇಲಿಂದ ಮೇಲೆ ವಾಂತಿ. ಗ್ಯಾಸ್ ಇರಬೇಕು ಅಂತ ಅತ್ತೆ ಓಂಕಾಳು ಕಷಾಯ ಮಾಡಿಕೊಟ್ಟರು. ನಡುವೆ ಒಂದು ತಾಸು ನೋವು ಇಳಿಯಿತು, ಅದಕ್ಕೇ ಮೋಸ ಹೋದೆ. ಬೆಳಗಿನ ಜಾವ ಆಸ್ಪತ್ರೆಗೆ ಹೋದಾಗ ಗಡ್ಡೆಯ ಭಾರಕ್ಕೆ ಅಂಡಾಶಯ ತಿರುಚಿಕೊಂಡು ರಕ್ತ ಹರಿಯುವುದೇ ನಿಂತಿತ್ತು. ಕಪ್ಪಾಗಿದ್ದ ಅದನ್ನು ತೆಗೆಯಬೇಕಾಯಿತು. ಟ್ರೇಯಲ್ಲಿಟ್ಟು ನಮ್ಮನೆಯವರಿಗೆ ತೋರಿಸಿದರಂತೆ. ಗಡ್ಡೆಯೊಳಗೆ ಬೆಣ್ಣೆಯಂಥ ಜಿಡ್ಡು, ಅದರಲ್ಲಿ ಉಂಡೆ ಕಟ್ಟಿದ ಕೂದಲು.

ಆಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ತಿಂಗಳು ತಿಂಗಳು ಅಂಡಾಣು ಬೆಳೆಯುವ ಚೀಲವೇ ಕೆಲವೊಮ್ಮೆ ನೀರು ತುಂಬಿ ಸಿಸ್ಟ್ ಆಗುತ್ತದೆ. ಅದು ಸಾಮಾನ್ಯವಾಗಿ ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ತಾನೇ ಇಂಗುತ್ತದೆ. ಓರಗಿತ್ತಿಯದು ಅಂಥದ್ದು. ಪುಡಿ ತಗೊಳ್ಳದಿದ್ದರೂ ಹೋಗುತ್ತಿತ್ತು, ಹೆಸರು ಮಾತ್ರ ಪುಡಿಗೆ ಬಂತು. ನನಗಿದ್ದ ಡರ್ಮಾಯ್ಡ್ ಹಾಗಲ್ಲ, ಅದರೊಳಗೆ ಇರುವುದು ನೀರಲ್ಲ, ಜಿಡ್ಡು, ಕೂದಲು ಇಂಥವು. ಕೂದಲು ಎಲ್ಲಿಗೆ ಇಂಗೀತು ಅಲ್ವಾ? ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರುವವರಿಗೆ ಆಗುವ ಚಾಕೊಲೇಟ್ ಸಿಸ್ಟ್ ಕೂಡ ಸುಲಭಕ್ಕೆ ತಾನಾಗಿ ಹೋಗುವುದಿಲ್ಲ. ಮುಟ್ಟು ನಿಂತ ಮೇಲೆ ಸಿಸ್ಟ್ ಕಂಡರಂತೂ ಕಾಯದೆ ತೋರಿಸಬೇಕು.

ಹಾಗಾಗಿ ಎಷ್ಟು ದೊಡ್ಡದು ಅಂತ ಮಾತ್ರ ಕೇಳಿ ಬರಬೇಡಿ, ಯಾವ ಥರದ್ದು ಅಂತಲೂ ಕೇಳಿ. ಕಾಯಿರಿ ಅಂದರೆ ಮುಂದಿನ ಸ್ಕ್ಯಾನ್ ಯಾವಾಗ ಅಂತ ಬರೆಸಿಕೊಳ್ಳಿ. ಕಿಬ್ಬೊಟ್ಟೆಯ ಒಂದು ಕಡೆ ಇದ್ದಕ್ಕಿದ್ದಂತೆ ಜೋರು ನೋವು, ಜೊತೆಗೆ ವಾಂತಿ ಬಂತೋ, ರಾತ್ರಿ ಎರಡು ಗಂಟೆಯಾದರೂ ಹೊರಡಿ. ಸಿಸ್ಟ್ ಇದೆ ಅನ್ನುವುದನ್ನು ಹೋದ ತಕ್ಷಣ ಹೇಳಿ, ಹಳೇ ರಿಪೋರ್ಟ್ ಕೈಯಲ್ಲಿರಲಿ.