ಜಲಜನಕ ತೋರಿಸಲು ಸತುವೋ, ಮೆಗ್ನೀಸಿಯಮ್ಮೋ?

ಕುಂಬಳೆ, ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯ ಲ್ಯಾಬಿಗೆ ಒಂದೇ ಲೋಹ ತರಿಸುವುದಾದರೆ ನನ್ನ ಮತ ಸತುವಿಗೆ.

ಮೆಗ್ನೀಸಿಯಂ ರಿಬ್ಬನ್ ನೋಡಲು ಚಂದ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬಿದ್ದದ್ದೇ ತಡ ಭುಸ್ಸನೆ ನೊರೆ, ಪ್ರನಾಳ ಬಿಸಿ. ಆದರೆ ಹಿಂದಿನ ಬೆಂಚಿನವರು ಕತ್ತು ಉದ್ದ ಮಾಡುವಷ್ಟರಲ್ಲಿ ತುಂಡೇ ಕರಗಿರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಅದರ ಹೊಳಪು ಬೇಗ ಮಾಸುತ್ತದೆ. ಮರಳುಕಾಗದದಿಂದ ಉಜ್ಜಿಯೇ ಹಾಕಬೇಕು.

ಸತುವಿನ ಚೂರು ನಿಧಾನಿ. ಮೊದಲು ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು, ಆಮೇಲೆ ಬಿಡದೆ ಮೇಲೇರುವ ಸಾಲು. ಈ ಗುಳ್ಳೆಗಳೇ ಜಲಜನಕ. ಅನಿಲವನ್ನು ನೆಮ್ಮದಿಯಾಗಿ ಹಿಡಿದು, ಉರಿಯುವ ಕಡ್ಡಿ ತಂದು ಅದರ ಗುರುತಾದ 'ಪಟ್' ಶಬ್ದ ಕೇಳಿಸಬಹುದು. ತೀರಾ ಶುದ್ಧ ಸತು ಮಂಕಾಗಿದ್ದರೆ ಎರಡು ಹನಿ ಮೈಲುತುತ್ತದ ದ್ರಾವಣ ಹಾಕಿ, ಚುರುಕಾಗುತ್ತದೆ. ತೂಕದ ಲೆಕ್ಕದಲ್ಲಿ ಮಾತ್ರ ಮೆಗ್ನೀಸಿಯಮ್ಮೇ ಮುಂದು: 2 ಗ್ರಾಂ ಜಲಜನಕಕ್ಕೆ ಅದು 24 ಗ್ರಾಂ ಸಾಕು, ಸತು ಸುಮಾರು 65 ಗ್ರಾಂ ಬೇಕು.

ಕಬ್ಬಿಣದ ಮೊಳೆ ಅಗ್ಗ, ಆದರೆ ಪೀರಿಯಡ್ ಮುಗಿಯುತ್ತದೆ. ತಾಮ್ರ ಈ ಆಮ್ಲದಲ್ಲಿ ಗುಳ್ಳೆಯೇ ಬಿಡದು, ಹೋಲಿಕೆಗೆ ಪಕ್ಕದಲ್ಲಿಡಿ. ನೈಟ್ರಿಕ್ ಆಮ್ಲ ಬೇಡ, ಸಾಮಾನ್ಯವಾಗಿ ಬರುವುದು ಸಾರಜನಕದ ವಿಷಕಾರಿ ಆಕ್ಸೈಡ್‌ಗಳು.

ಆಮ್ಲದ ಬದಲು ತಣ್ಣೀರಿನಿಂದ ಜಲಜನಕ ತೋರಿಸುವ ಪ್ರಯೋಗಕ್ಕೆ ಸತು, ಮೆಗ್ನೀಸಿಯಂ ಎರಡೂ ಸಲ್ಲವು. ಅಲ್ಲಿ ಕ್ಯಾಲ್ಸಿಯಂ ಒಳ್ಳೆಯದು: ಗುಳ್ಳೆಗಳು ಚೆನ್ನಾಗಿ ಏಳುತ್ತವೆ, ನೀರು ಹಾಲಿನಂತೆ ಮಸುಕಾಗುತ್ತದೆ. ಸೋಡಿಯಂ ಸಿಡಿದು ಹೊತ್ತಿಕೊಳ್ಳಬಹುದು, ಮಕ್ಕಳ ಕೈಗೆ ಕೊಡಲೇಬೇಡಿ.