ಕೋರಿಗೊಂದು ಟೈಮರ್ ಬೇಕಾ, ಎಲ್ಲಕ್ಕೂ ಒಂದೇ ಸಾಕಾ?

ಒಂದೇ ಚಿಪ್ಪಿನಲ್ಲಿ ಹಲವು ಕೋರು (ಪ್ರೋಗ್ರಾಂ ಓಡಿಸುವ ಘಟಕ) ಇದ್ದಾಗ ಬರುವ ಪ್ರಶ್ನೆ ಇದು. ನನ್ನ ಓಟು ಕೋರಿಗೊಂದು ಟೈಮರ್‌ಗೆ. ಒಂದೇ ಟೈಮರಿನಿಂದ ಎಲ್ಲ ಕೋರುಗಳಿಗೂ ಟಿಕ್ (ಇಷ್ಟು ಸಮಯ ಆಯಿತೆಂದು ಟೈಮರ್ ಮತ್ತೆ ಮತ್ತೆ ಕೊಡುವ ಸೂಚನೆ) ಹಂಚುವ ಪದ್ಧತಿಯನ್ನೂ ಅದೇ ಯಂತ್ರದ ಮೇಲೆ ಓಡಿಸಿ ನೋಡಿದ ಮೇಲೇ ಹೀಗೆ ಹೇಳುತ್ತಿದ್ದೇನೆ.

ಬ್ಯಾಡಗಿಯ ವ್ಯಾಪಾರಿಯೊಬ್ಬರಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ವರ್ಕ್‌ಶಾಪಿನಲ್ಲಿ ಮೆಣಸಿನಕಾಯಿ ಆರಿಸುವ ಯಂತ್ರ ಕಟ್ಟುತ್ತಿದ್ದೇವೆ. ಬೆಲ್ಟಿನ ಮೇಲೆ ಕಾಯಿ ಓಡುತ್ತದೆ, ಕ್ಯಾಮೆರಾ ನೋಡುತ್ತದೆ, ಬಿಳಿ ಮಚ್ಚೆ ಬಿದ್ದ ಕಾಯಿಯನ್ನು ಗಾಳಿ ವಾಲ್ವ್ ಊದಿ ಆಚೆ ತಳ್ಳುತ್ತದೆ. ಬೆಲ್ಟಿನ ವೇಗ ಸೆಕೆಂಡಿಗೆ 2 ಮೀಟರ್. 1 ಮಿಲಿಸೆಕೆಂಡ್ ತಡವಾದರೆ ಕಾಯಿ 2 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ದಪ್ಪ ಡಬ್ಬಿ ಕಾಯಿಗೆ ಇದು ನಡೆದೀತು. ಬೆಲ್ಟಿಗೆ ಅಡ್ಡ ಬಿದ್ದ ತೆಳ್ಳನೆ ಕಡ್ಡಿ ಕಾಯಿಗೆ ಮೂರು ನಾಲ್ಕು ಮಿಲಿಸೆಕೆಂಡ್ ಹೋದರೆ ಗಾಳಿ ಖಾಲಿ ಜಾಗಕ್ಕೆ ಬಡಿಯುತ್ತದೆ.

ಒಂದೇ ಟೈಮರಿನ ಪದ್ಧತಿ ಓದಲು ಬಹಳ ಸಲೀಸು. ಕೋರ್ 0ಕ್ಕೆ ಟಿಕ್ ಬರುತ್ತದೆ, ಅದು ಲೆಕ್ಕ ಹೆಚ್ಚಿಸುತ್ತದೆ, ಬೇಕಾದ ಕೋರುಗಳಿಗೆ ಇಂಟರಪ್ಟ್ (ಕೈಲಿರುವ ಕೆಲಸ ಬಿಟ್ಟು ಇದನ್ನು ನೋಡು ಎಂಬ ಸಂಕೇತ) ಕಳಿಸಿ ಎಬ್ಬಿಸುತ್ತದೆ. 2023ರ ಡಿಸೆಂಬರಿನಲ್ಲಿ ಬಂದ, ಸಣ್ಣ ಚಿಪ್ಪುಗಳ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಆರ್‌ಟಿಒಎಸ್ 11ರಲ್ಲೂ ಟಿಕ್ ನೋಡಿಕೊಳ್ಳುವುದು ಒಂದೇ ಕೋರ್. ಆರ್‌ಪಿ2040ರಂಥ ಎರಡು ಕೋರಿನ ಚಿಪ್ಪಿಗೆ ಅಷ್ಟು ಸಾಕು. ನಮ್ಮ ಕಷ್ಟ ಬೇರೆ. ಕ್ಯಾಮೆರಾ ಡ್ರೈವರ್ ಇರುವುದು ಕೋರ್ 0ದಲ್ಲೇ. ಅದು ಬಫರ್ (ಚಿತ್ರ ತುಂಬಿಡುವ ಮೆಮೊರಿ) ಬದಲಿಸುವಾಗ ಇಂಟರಪ್ಟ್ ಮುಚ್ಚಿಕೊಂಡು ಕೂರುತ್ತದೆ. ಅಷ್ಟು ಹೊತ್ತು ಟಿಕ್ ಬಾಗಿಲಲ್ಲೇ ನಿಂತಿರುತ್ತದೆ. ವಾಲ್ವ್ ನೋಡುವ ಕೋರ್ 3 ಪೂರ್ತಿ ಖಾಲಿ ಇದ್ದರೂ ಅದಕ್ಕೆ ಸಮಯವೇ ತಿಳಿಯುವುದಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕಾಯುವುದು ಯಾಕೆ, ಅಲ್ವಾ?

ಕೋರಿಗೊಂದು ಟೈಮರ್ ಅಂದರೆ ಈ ಕಾಯುವಿಕೆ ಇಲ್ಲ. ನಮ್ಮದು ನಾಲ್ಕು ಕಾರ್ಟೆಕ್ಸ್-ಎ72 ಕೋರಿನ ಬೋರ್ಡು. ಎಲ್ಲ ಕೋರೂ ಒಂದೇ ಸಿಸ್ಟಮ್ ಕೌಂಟರ್ ನೋಡುತ್ತವೆ, ಹಾಗಾಗಿ ಸಮಯದಲ್ಲಿ ಜಗಳ ಇಲ್ಲ. ಆದರೆ ಯಾವಾಗ ಎಬ್ಬಿಸಬೇಕು ಎಂದು ಬರೆದಿಡುವ ರಿಜಿಸ್ಟರ್ ಪ್ರತಿ ಕೋರಿಗೂ ಸ್ವಂತದ್ದು.

ಇಷ್ಟು ಚಂದದ ವ್ಯವಸ್ಥೆ ನಮ್ಮನ್ನು ಸತಾಯಿಸಿದ್ದು ಒಂದೇ ಒಂದು ಕಡೆ. ಬೋರ್ಡಿಗಾಗಿ ದುಡ್ಡು ಕೊಟ್ಟು ತಗೊಂಡ ಕರ್ನಲ್ ಪೋರ್ಟಿನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು ಈ ಬೋರ್ಡಿಗೆ ಹೊಂದಿಸಿದ ಕೋಡ್) "ನಾಲ್ಕೂ ಕೋರಿಗೆ ಟೈಮರ್ ಇದೆ" ಎಂದು ಬರೆದಿತ್ತು. ಪ್ರತಿ ಕೋರೂ ಟಿಕ್ ಬಂದಾಗ ಒಂದೊಂದು ಪಿನ್ ಮೇಲೆ ಕೆಳಗೆ ಮಾಡುವಂತೆ ಮಾಡಿ, ನಾಲ್ಕನ್ನೂ ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಕೊಟ್ಟೆವು. ಮೊದಲ ಗೆರೆ ಮಾತ್ರ ಕುಣಿಯುತ್ತಿತ್ತು. ನಮ್ಮ ಹುಡುಗ ಬಗ್ಗಿ ನೋಡಿ, "ಸರ್ರ, ಉಳದ ಮೂರು ಗೆರಿ ಅಳ್ಳಾಡವಲ್ದ್ರಿ" ಅಂದ.

ಡಿಬಗರಿನಲ್ಲಿ (ಚಿಪ್ಪಿನ ಒಳಗೆ ಇಣುಕಿ ನೋಡುವ ಸಲಕರಣೆ) ನೋಡಿದರೆ ಟೈಮರ್ ಇಂಟರಪ್ಟ್ 30ನ್ನು ಚಾಲೂ ಮಾಡುವ ಎನೇಬಲ್ ಬಿಟ್ ಸರಿಯಾಗಿ 1 ಇತ್ತು. ಇಂಟರಪ್ಟ್ ಬಂದಾಗ ಓಡುವ ಹ್ಯಾಂಡ್ಲರ್ ಇತ್ತು. ಎಲ್ಲವೂ ಸರಿ, ಟಿಕ್ ಮಾತ್ರ ಇಲ್ಲ. ಗುಟ್ಟು ಇರುವುದು ಜಿಐಸಿ-400 ಇಂಟರಪ್ಟ್ ಕಂಟ್ರೋಲರಿನಲ್ಲಿ. ಅದರಲ್ಲಿ 32ರಿಂದ ಮೇಲಿನ ಇಂಟರಪ್ಟ್‌ಗಳು ಎಲ್ಲರಿಗೂ ಸೇರಿದವು, ಯಾವ ಕೋರಿನಿಂದ ಎನೇಬಲ್ ಮಾಡಿದರೂ ಆಗುತ್ತದೆ. 16ರಿಂದ 31ರವರೆಗಿನವು ಆಯಾ ಕೋರಿನ ಖಾಸಗಿ ಸ್ವತ್ತು. ಅವುಗಳ ಎನೇಬಲ್ ರಿಜಿಸ್ಟರಿನ ವಿಳಾಸ ಒಂದೇ, ಆದರೆ ಒಳಗೆ ಪ್ರತಿ ಕೋರಿಗೂ ಬೇರೆ ಬೇರೆ ಪ್ರತಿ. ಕೋರ್ 0 ಬರೆದರೆ ಕೋರ್ 0ದ ಪ್ರತಿಗೆ ಮಾತ್ರ ಹೋಗುತ್ತದೆ. ನಮ್ಮ ಡಿಬಗರ್ ಕೋರ್ 0ದ ಮೂಲಕವೇ ಓದುತ್ತಿತ್ತು, ಹಾಗಾಗಿ ಕಂಡದ್ದೂ ಅದರ ಪ್ರತಿಯೇ. ಮಾರಿದವರು ಕೋರ್ 0ದಲ್ಲಿ ಒಮ್ಮೆ ಎನೇಬಲ್ ಮಾಡಿ ಕೈ ತೊಳೆದುಕೊಂಡಿದ್ದರು. ಫೋನ್ ಮಾಡಿದರೆ "ನಮ್ಮಲ್ಲಿ ಸರಿಯಾಗಿದೆ" ಎಂಬ ಒಂದೇ ಉತ್ತರ.

ಉಪಾಯ ದೊಡ್ಡದಲ್ಲ, ಆದರೆ ಅನುಕ್ರಮ ತಪ್ಪಬಾರದು. ಹ್ಯಾಂಡ್ಲರ್ ಟೇಬಲ್ ಮೊದಲು ತಯಾರಾಗಿರಬೇಕು. ಆಮೇಲೆ ಪ್ರತಿ ಕೋರೂ ಏಳುವಾಗ ತಾನೇ ತನ್ನ ಜಿಐಸಿ ಇಂಟರ್‌ಫೇಸ್ ತೆರೆಯಬೇಕು, 30ಕ್ಕೆ ಪ್ರಯಾರಿಟಿ ಬರೆಯಬೇಕು (ಅದೂ ಕೋರಿಗೊಂದು ಪ್ರತಿಯೇ), ಎನೇಬಲ್ ಮಾಡಬೇಕು, ಕೊನೆಗೆ ಟೈಮರ್ ಚಾಲೂ ಮಾಡಬೇಕು. ಜೆಫಿರ್ ಕರ್ನಲ್‌ನಲ್ಲಿ ಈ ಕೆಲಸಕ್ಕೆಂದೇ ಒಂದು ಫಂಕ್ಷನ್ ಇದೆ, ಉಳಿದ ಕೋರುಗಳು ಏಳುವಾಗ ಅದನ್ನು ತಾವೇ ಓಡಿಸುತ್ತವೆ. ನಾವೂ ಹಾಗೇ ಬರೆದೆವು. ನಾಲ್ಕೂ ಗೆರೆ ಕುಣಿದವು.

ಆಮೇಲೆ ಇನ್ನೊಂದು ಸಣ್ಣ ತಕರಾರು. ನಾಲ್ಕೂ ಕೋರಿಗೆ ಒಂದೇ ಕ್ಷಣಕ್ಕೆ ಟಿಕ್ ಬಂದರೆ ಎಲ್ಲವೂ ಶೆಡ್ಯೂಲರ್ ಲಾಕಿಗೆ (ಮುಂದಿನ ಕೆಲಸ ಆರಿಸಲು ಒಂದು ಸಲಕ್ಕೆ ಒಂದೇ ಕೋರಿಗೆ ಸಿಗುವ ಬೀಗ) ಒಟ್ಟಿಗೆ ಮುಗಿಬೀಳುತ್ತವೆ. 1 ಮಿಲಿಸೆಕೆಂಡಿನ ಟಿಕ್ಕನ್ನು ಕೋರಿನಿಂದ ಕೋರಿಗೆ 250 ಮೈಕ್ರೋಸೆಕೆಂಡ್ ಸರಿಸಿಟ್ಟೆವು. ಲಿನಕ್ಸ್‌ನಲ್ಲೂ ಇದಕ್ಕೆ ಸ್ಕ್ಯೂ ಟಿಕ್ ಎಂಬ ಆಯ್ಕೆ ಇದೆ.

ಮುಂದಿನ ಟಿಕ್ಕನ್ನು "ಈಗಿನಿಂದ ಇಷ್ಟು" ಎಂದು ಬರೆಯಬೇಡಿ, ಹಿಂದಿನ ಗುರಿಗೆ ಕೂಡಿಸಿ ಬರೆಯಿರಿ. ಇಲ್ಲದಿದ್ದರೆ ಪ್ರತಿ ಸಲ ಹ್ಯಾಂಡ್ಲರ್ ತಡವಾದಷ್ಟು ಸಮಯ ಜಾರುತ್ತಾ ಹೋಗುತ್ತದೆ.

ಕರೆಂಟ್ ಉಳಿತಾಯದ ವಿಷಯ ನಾನು ನೋಡಲೇ ಇಲ್ಲ. ಯಂತ್ರ ಮೇನ್ ಲೈನಿನ ಮೇಲೆ ಓಡುತ್ತದೆ, ಬ್ಯಾಟರಿ ಇಲ್ಲ. ಬ್ಯಾಟರಿ ಇದ್ದವರಿಗೆ ಸುಮ್ನೆ ಮಲಗಿದ ಕೋರನ್ನು ಟಿಕ್ ಎಬ್ಬಿಸುವುದು ನಷ್ಟವೇ, ಅವರು ಟಿಕ್‌ಲೆಸ್ (ಕೆಲಸವಿಲ್ಲದಾಗ ಟಿಕ್ ನಿಲ್ಲಿಸುವ ಪದ್ಧತಿ) ನೋಡಲಿ.

ನನಗೆ ಒಂದು ಕೆಲಸವನ್ನು ಒಂದು ಕೋರಿಗೆ ಕಟ್ಟಿ ಬಿಡುವ ರೂಢಿ ಜಾಸ್ತಿ. ಹಾಗೆ ಕಟ್ಟುವವರಿಗೆ ಕೋರಿಗೊಂದು ಟೈಮರೇ ಸರಿ. ಎರಡೇ ಕೋರ್, ಇಂಟರಪ್ಟ್ ಮುಚ್ಚುವ ಡ್ರೈವರ್ ಇಲ್ಲ, ಬಜೆಟ್ ಬಿಗಿ ಅನ್ನುವವರು ಒಂದೇ ಟೈಮರಿನಲ್ಲಿ ಆರಾಮಾಗಿ ಇರಬಹುದು. ಪೋರ್ಟ್ ಕೊಳ್ಳುವುದಾದರೆ ಮಾತ್ರ ಕೋರ್ 1 ಏಳುವ ಫಂಕ್ಷನ್ನನ್ನು ಮೊದಲು ತೆರೆಸಿ ಓದಿ. ಅಲ್ಲಿ ಟೈಮರ್ ಎನೇಬಲ್ ಮಾಡುವ ಸಾಲು ಕಾಣದಿದ್ದರೆ ಅಡ್ವಾನ್ಸ್ ಕೊಡಬೇಡಿ.